ಸೀನಿಯರ್ ಕೊಟ್ಟ ಫೈಲು

ನಮಸ್ಕಾರ. ಬಳ್ಳಾರಿಯಿಂದ ಮಾತನಾಡುತ್ತಿದ್ದೇನೆ. ಬಿಸಿಲಿನ ವರದಿ ಕೊಡುವುದಿಲ್ಲ, ಬಳ್ಳಾರಿ ಎಂದ ಮೇಲೆ ನಿಮಗೇ ಗೊತ್ತು. ಇವತ್ತು ನನ್ನ ಸಿಟ್ಟು ಒಂದು ಲೇಟೆಕ್ ಫೈಲಿನ ಮೇಲೆ. ಆಜ್ಞೆಗಳನ್ನು ಬರೆದುಕೊಟ್ಟರೆ ಪ್ರಬಂಧವನ್ನು, ಅದರಲ್ಲೂ ಗಣಿತವನ್ನು, ಅಚ್ಚುಕಟ್ಟಾಗಿ ಪುಟಕ್ಕೆ ಜೋಡಿಸಿಕೊಡುವ ತಂತ್ರಾಂಶ ಈ ಲೇಟೆಕ್.

ಕಳೆದ ವಾರ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪ್ ಎದೆಗವುಚಿಕೊಂಡು ಮನೆಗೆ ಬಂದಳು. ತುಂಗಭದ್ರಾ ಬಲದಂಡೆ ಮೇಲ್ಮಟ್ಟದ ಕಾಲುವೆಯಲ್ಲಿ ನೀರಿನ ಹರಿವಿನ ಕುರಿತು ಅವಳ ಪ್ರಬಂಧ. "ಮೇಡಂ, ಎರಡು ದಿನದಿಂದ ಒಂದೇ ದೋಷ ತೋರಿಸುತ್ತಿದೆ. ಈ ಲೇಟೆಕ್ ಸಹವಾಸವೇ ಬೇಡ, ವರ್ಡ್‌ನಲ್ಲಿ ಬರೆದುಬಿಡುತ್ತೇನೆ" ಎಂದಳು. ಮಜ್ಜಿಗೆ ಕೊಟ್ಟು ಕೂರಿಸಿ ಫೈಲು ತೆರೆದೆ. ಪ್ರಬಂಧ ಶುರುವಾಗುವ ಮೊದಲೇ 74 ಸಾಲು! ಅದರಲ್ಲಿ 38 ಪ್ಯಾಕೇಜುಗಳು, ಅಂದರೆ ಲೇಟೆಕ್‌ಗೆ ಹೆಚ್ಚಿನ ಸೌಲಭ್ಯ ಸೇರಿಸುವ ಕಟ್ಟುಗಳು. ಯಾವುದು ಏತಕ್ಕೆ ಎಂದು ಕೇಳಿದರೆ ನಾಲ್ಕಕ್ಕೆ ಉತ್ತರ ಬಂತು.

"ಇದನ್ನೆಲ್ಲ ಬರೆದದ್ದು ಯಾರಮ್ಮ?"

"ಸೀನಿಯರ್ ಕೊಟ್ಟರು, ಮೇಡಂ."

"ಅವರಿಗೆ?"

"ಅವರ ಸೀನಿಯರ್ ಕೊಟ್ಟಿರಬೇಕು."

ನಮ್ಮ ಮನೆಗಳಲ್ಲಿ ಸ್ಟೀಲ್ ಪಾತ್ರೆಯ ಮೇಲೆ ಹೆಸರು ಕೊರೆಸುವ ರೂಢಿ ಇದೆಯಲ್ಲ, ಯಾರದೋ ಮದುವೆಯಲ್ಲಿ ಅದಲುಬದಲಾಗಿ ಬಂದ ಡಬರಿಯ ಮೇಲೆ ಇನ್ನಾರದೋ ಹೆಸರು ಇರುತ್ತದೆ. ಹಾಗೆಯೇ ಈ ಫೈಲಿನ ಮೂರನೆಯ ಸಾಲಿನಲ್ಲಿ, ಲೇಟೆಕ್ ಓದದೆ ಬಿಡುವ ಶೇಕಡಾ ಚಿಹ್ನೆಯ ಟಿಪ್ಪಣಿಯಲ್ಲಿ, ಯಾರದೋ ಹಳೆಯ ಪ್ರಬಂಧದ ಶೀರ್ಷಿಕೆ ಕೂತಿತ್ತು.

ಈಗ ಅವಳ ದೋಷ ಕೇಳಿ. "ರೈಟ್ ಮರೆತಿದ್ದೀರಿ" ಎಂಬ ಅರ್ಥದ ಸಂದೇಶ, 219ನೇ ಸಾಲಿನಲ್ಲಿ. ಪಾಪ, ಹುಡುಗಿ ಎರಡು ದಿನ ಪ್ರಬಂಧದ ತುಂಬ 'ರೈಟ್' ಎಂಬ ಆಜ್ಞೆಯನ್ನು ಹುಡುಕಿದ್ದಾಳೆ. ಒಂದೂ ಸಿಕ್ಕಿಲ್ಲ. ಸಿಗುವುದಾದರೂ ಹೇಗೆ? ಆವರಣ ಚಿಹ್ನೆಯನ್ನು ತಾನಾಗಿ ದೊಡ್ಡದು ಮಾಡುವ ಲೆಫ್ಟ್, ರೈಟ್ ಆಜ್ಞೆಗಳಿಗೆ ಯಾವನೋ ಪುಣ್ಯಾತ್ಮ ಮೇಲಿನ 74 ಸಾಲುಗಳಲ್ಲೆಲ್ಲೋ 'ಬಿಎಲ್', 'ಬಿಆರ್' ಎಂದು ಅಡ್ಡಹೆಸರು ಇಟ್ಟಿದ್ದ. ಅವಳು ಅಡ್ಡಹೆಸರನ್ನು ಬಳಸುತ್ತಾಳೆ, ಲೇಟೆಕ್ ನಿಜನಾಮದಲ್ಲಿ ದೂರು ಕೊಡುತ್ತದೆ.

ಆಗಿದ್ದು ಇಷ್ಟೇ. ಸಮೀಕರಣ ಉದ್ದವಾಯಿತೆಂದು ಅವಳು ಸಮೀಕರಣದ ಸಾಲುಗಳನ್ನು ಒಂದರ ಕೆಳಗೊಂದು ಹೊಂದಿಸುವ 'ಅಲೈನ್' ಚೌಕಟ್ಟಿನೊಳಗೆ ಅದನ್ನು ಎರಡು ಸಾಲಾಗಿ ಮುರಿದಿದ್ದಳು. ಆವರಣ ಮೊದಲ ಸಾಲಿನಲ್ಲಿ ತೆರೆದು ಎರಡನೆಯದರಲ್ಲಿ ಮುಚ್ಚಿತ್ತು. ಲೆಫ್ಟ್ ಮತ್ತು ರೈಟ್ ಒಂದೇ ಸಾಲಿನಲ್ಲಿ ಜೋಡಿಯಾಗಬೇಕು, ಸಾಲು ದಾಟಿದರೆ ಒಪ್ಪುವುದಿಲ್ಲ. ತಪ್ಪು ಇದ್ದದ್ದು 212ರಲ್ಲಿ. ಆದರೆ ಅಲೈನ್ ತನ್ನೊಳಗಿನದನ್ನೆಲ್ಲ ಒಟ್ಟಿಗೆ ಓದಿಕೊಂಡು ಕೊನೆಯಲ್ಲಿ ಜೋಡಿಸುತ್ತದೆ. ಹಾಗಾಗಿ ದೂರು ಬರುವುದು ಅದು ಮುಗಿಯುವ ಸಾಲಿನಲ್ಲಿ. ಲೆಫ್ಟ್ ತೆಗೆದು 'ಬಿಗ್‌ಎಲ್', ರೈಟ್ ತೆಗೆದು 'ಬಿಗ್‌ಆರ್' ಹಾಕಿಸಿದೆ. ಇವುಗಳಲ್ಲಿ ಅಳತೆಯನ್ನು ನಾವೇ ಹೇಳುತ್ತೇವೆ, ಜೋಡಿಯ ಹಟವಿಲ್ಲ. ಎರಡು ದಿನದ ತಲೆನೋವು ಎರಡು ನಿಮಿಷದಲ್ಲಿ ಹೋಯಿತು.

ತಪ್ಪು ಎಲ್ಲಿದೆ ಎಂಬ ಅಂದಾಜೇ ಸಿಗದಿದ್ದರೆ ಡಾಕ್ಯುಮೆಂಟ್ ಮುಗಿಸುವ ಆಜ್ಞೆಯನ್ನು ಫೈಲಿನ ನಟ್ಟನಡುವೆ, ಎರಡು ಪ್ಯಾರಾಗಳ ಮಧ್ಯೆ ಹಾಕಿ ನೋಡಿ. ದೋಷ ಉಳಿದರೆ ಅದು ಮೇಲಿನರ್ಧದಲ್ಲಿದೆ, ಹೋದರೆ ಕೆಳಗಿನರ್ಧದಲ್ಲಿ. ಹೀಗೆ ಅರ್ಧ, ಅರ್ಧದ ಅರ್ಧ ಮಾಡುತ್ತ ಹೋದರೆ 400 ಸಾಲಿನ ಫೈಲಿಗೂ ಒಂಬತ್ತು ಸಲಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಲೇಟೆಕ್‌ನಲ್ಲಿ ಡಾಲರ್ ಚಿಹ್ನೆ ಗಣಿತದ ಗಡಿಗುರುತು; ಸಮೀಕರಣದ ನಡುವೆ ಅಂದಕ್ಕೆಂದು ಬಿಟ್ಟ ಒಂದು ಖಾಲಿ ಸಾಲು "ಡಾಲರ್ ಚಿಹ್ನೆ ಇಲ್ಲ" ಎಂದು ರಂಪ ಮಾಡಿಸುವುದನ್ನು ಹೀಗೆ ಎಷ್ಟೋ ಸಲ ಹಿಡಿದಿದ್ದೇನೆ.

ಪರಂಪರಾಗತ ಫೈಲುಗಳಲ್ಲಿ ಇನ್ನೊಂದು ಹಳೆಯ ಸಾಮಾನು ಇರುತ್ತದೆ, ಸಮೀಕರಣಗಳನ್ನು ಸಾಲಾಗಿ ಹೊಂದಿಸುವ 'ಇಕ್ಯೂಎನ್‌ಅರೇ'. ಗಣಕ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಲೇಟೆಕ್ ಮಾಡಿದಾಗಿನಿಂದ ಅದು ಇದೆ. ಸಮ ಚಿಹ್ನೆಯ ಎರಡೂ ಬದಿ ಬೇಡದಷ್ಟು ಜಾಗ ಬಿಡುತ್ತದೆ, ಸಮೀಕರಣ ಉದ್ದವಾದರೆ ಅದರ ಮೇಲೆಯೇ ಸಂಖ್ಯೆಯನ್ನು ಅಚ್ಚು ಹಾಕುತ್ತದೆ. ಅಮೆರಿಕದ ಗಣಿತ ಸೊಸೈಟಿಯ 'ಎಎಂಎಸ್‌ಮ್ಯಾಥ್' ಪ್ಯಾಕೇಜು ಬಂದು ದಶಕಗಳಾದವು, ಅದರ ಅಲೈನ್‌ನಲ್ಲಿ ಈ ರಗಳೆ ಇಲ್ಲ. ಗಣಕ ವಿಜ್ಞಾನಿ ಡೊನಾಲ್ಡ್ ನೂತ್ 1977ರಲ್ಲಿ ಲೇಟೆಕ್‌ನ ಬುನಾದಿಯಾದ ಟೆಕ್ ಮಾಡಲು ಹೊರಟದ್ದೇ ತಮ್ಮ ಪುಸ್ತಕದ ಕರಡಚ್ಚು ಕಣ್ಣಿಗೆ ಹಿತವಾಗಲಿಲ್ಲ ಎಂದು. ಅಂಥವರ ವ್ಯವಸ್ಥೆಯಲ್ಲಿ ಕೂತು ನಾವು ಸಮೀಕರಣದ ಮೇಲೆ ಸಂಖ್ಯೆ ಹತ್ತಿಸುತ್ತಿದ್ದೇವೆ.

ಇನ್ನು ಚಿತ್ರಗಳು. ಈ ವಿಷಯದಲ್ಲಿ ಕೌಲ್ ಬಜಾರಿನ ಯಾವುದೇ ಟೈಲರ್ ನಮ್ಮ ಸಂಶೋಧಕರಿಗಿಂತ ಜಾಣ. ಜೀನ್ಸ್ ಹೊಲಿಯುವ ಊರು ನಮ್ಮದು, ಅಳತೆ ಮೊದಲು, ಕತ್ತರಿ ಆಮೇಲೆ. ನಮ್ಮವರು 18 ಸೆಂಟಿಮೀಟರ್ ಅಗಲದ ಗ್ರಾಫ್ ಮಾಡಿ, 9 ಸೆಂಟಿಮೀಟರ್ ಕಾಲಮ್ಮಿಗೆ ತುರುಕುತ್ತಾರೆ. ಗ್ರಾಫಿನೊಳಗಿನ 10 ಪಾಯಿಂಟ್ ಅಕ್ಷರ 5 ಪಾಯಿಂಟ್ ಆಗುತ್ತದೆ. ಪರಿಶೀಲಕರು "ಚಿತ್ರ ಓದಲಾಗುತ್ತಿಲ್ಲ" ಎಂದು ಬರೆದರೆ ಬೇಸರ! ಕಾಲಮ್ಮಿನ ಅಗಲ ಎಷ್ಟೆಂದು ಲೇಟೆಕ್ ಅನ್ನೇ ಕೇಳಿ, 'ದಿ' ಆಜ್ಞೆಯ ಮುಂದೆ 'ಕಾಲಮ್‌ವಿಡ್ತ್' ಬರೆದರೆ ಪುಟದಲ್ಲೇ ಸಂಖ್ಯೆ ಮೂಡುತ್ತದೆ. ವಿದ್ಯುತ್, ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಸಂಸ್ಥೆ ಐಇಇಇಯ ನಿಯತಕಾಲಿಕೆಗಳ ಎರಡು ಕಾಲಮ್ ವಿನ್ಯಾಸದಲ್ಲಿ 252 ಪಾಯಿಂಟ್, ಅಂದರೆ ಹೆಚ್ಚುಕಡಿಮೆ ಮೂರೂವರೆ ಅಂಗುಲ. ಗ್ರಾಫನ್ನು ಅಷ್ಟೇ ಅಗಲಕ್ಕೆ ಮಾಡಿ, ಪಿಡಿಎಫ್ ಆಗಿ ಉಳಿಸಿ. ಈ ಹುಡುಗಿ ಪರದೆಯ ಸ್ಕ್ರೀನ್‌ಶಾಟ್ ತೆಗೆದು ಜೆಪೆಗ್ ಹಾಕಿದ್ದಳು. ಅಂಕಿಗಳ ಸುತ್ತ ಅದಿರು ಲಾರಿ ಹೋದ ರಸ್ತೆಯಂತೆ ಧೂಳು. ಜೆಪೆಗ್ ಫೋಟೋಗಳಿಗಿರಲಿ, ಗೆರೆಗಳಿಗೆ ಬೇಡ.

ಲಾರಿ ಎಂದಾಗ ನೆನಪಾಯಿತು. ಒಂದು ಚಿತ್ರಕ್ಕೆ ಜಾಗ ಸಿಗದಿದ್ದರೆ ಅದರ ಹಿಂದಿನ ಚಿತ್ರಗಳೂ ಮುಂದೆ ಬರುವುದಿಲ್ಲ, ಕ್ರಮ ಬಿಡುವಂತಿಲ್ಲ. ಸಂಡೂರು ರಸ್ತೆಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಸಾಲೆಲ್ಲ ನಿಂತ ಹಾಗೆ. ಎಲ್ಲ ಚಿತ್ರಗಳೂ ಪ್ರಬಂಧದ ಕೊನೆಯಲ್ಲಿ ರಾಶಿ ಬಿದ್ದಿದ್ದರೆ ಮೊದಲು ನಿಂತ ಲಾರಿ ಯಾವುದೆಂದು ನೋಡಿ. ಚಿತ್ರ "ಇಲ್ಲೇ ಬೇಕು" ಎಂಬ ಹಟ ಬಿಟ್ಟು, ಪುಟದ ತಲೆಗೂ ಬುಡಕ್ಕೂ ಅವಕಾಶ ಕೊಡಿ. ಮತ್ತೆ, ಚಿತ್ರವನ್ನು ಬೇರೆಡೆ ಉಲ್ಲೇಖಿಸಲು ಇಡುವ ಗುರುತಾದ ಲೇಬಲ್ ಅನ್ನು ಯಾವಾಗಲೂ ಕ್ಯಾಪ್ಷನ್, ಅಂದರೆ ಚಿತ್ರದ ಅಡಿಬರಹದ ನಂತರ ಬರೆಯಿರಿ. ಮೊದಲೇ ಬರೆದರೆ ಚಿತ್ರದ ಸಂಖ್ಯೆಯ ಬದಲು ಆ ಭಾಗದ ಸಂಖ್ಯೆ ಬರುತ್ತದೆ. ಅವಳ ಪ್ರಬಂಧ "ಚಿತ್ರ 4.2 ನೋಡಿ" ಎನ್ನುತ್ತಿತ್ತು, ಇದ್ದದ್ದು ಒಟ್ಟು ಆರೇ ಚಿತ್ರ.

ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಪುಟದ ವಿನ್ಯಾಸ ಹೇಗಿರಬೇಕೆಂದು ಹೇಳುವ, ನಿಯತಕಾಲಿಕೆಯವರೇ ಕೊಡುವ ಕ್ಲಾಸ್ ಫೈಲನ್ನು ಮುಟ್ಟಬೇಡಿ, ಅದು ಅವರ ಮನೆಯ ಪದ್ಧತಿ. ನಾನು ಬದಿಗಿಡಿ ಎನ್ನುತ್ತಿರುವುದು ಅದರ ಮೇಲೆ ನಾವು ಹೇರುವ ಪಿತ್ರಾರ್ಜಿತವನ್ನು. ಅವಳ 74 ಸಾಲನ್ನು ಖಾಲಿ ಮಾಡಿಸಿ, ದೋಷ ಬಂದಾಗ ಮಾತ್ರ ಬೇಕಾದ್ದನ್ನು ಒಂದೊಂದಾಗಿ ಸೇರಿಸಲು ಹೇಳಿದೆ. 11 ಸಾಲಿಗೆ ನಿಂತಿತು.

ಮೊನ್ನೆ ಫೋನ್ ಮಾಡಿದ್ದಳು. ಜೂನಿಯರ್ ಒಬ್ಬ ಫೈಲು ಕೇಳುತ್ತಿದ್ದಾನಂತೆ, ಕೊಡಲೇ ಮೇಡಂ ಎಂದಳು. ನಾನು ಉತ್ತರ ಹೇಳುವ ಮೊದಲೇ ಈ ಕಡೆ ಕರೆಂಟು ಹೋಯಿತು.