ಅನ್ನಮ್ಮನ ಬೆರಳು
(ಕೊಪ್ಪಳದಲ್ಲಿ ಚಿತ್ರಕಲಾ ಮಾಸ್ತರರ ಮುಂದೆ ಆಡಿದ ಮಾತು)

ಪರದೆಯ ಮೇಲಿರುವ ಚಿತ್ರ ನಿಮಗೆ ಹೊಸದಲ್ಲ. ಯೇಸುವಿನ ತಾಯಿ ಮರಿಯ, ಅವಳ ತಾಯಿ ಅನ್ನಮ್ಮ, ಕೂಸು ಯೇಸು, ಪುಟ್ಟ ಯೋಹಾನ, ಹೀಗೆ ನಾಲ್ವರಿದ್ದಾರೆ. ಲಿಯೊನಾರ್ಡೊ ಡ ವಿಂಚಿಯದು, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಂಟಿಸಿದ 8 ಹಾಳೆ, ಇದ್ದಿಲು, ಬಿಳಿ ಸೀಮೆಸುಣ್ಣ, ಅಷ್ಟೇ ಬಂಡವಾಳ.

ನಾನು ಬಂದಿರೋದು ಜಗಳಕ್ಕೆ. ನನ್ನ ಶಿಷ್ಯನೊಬ್ಬ ಪರೀಕ್ಷೆಯಲ್ಲಿ 'ಮೇಲೆತ್ತಿದ ಬೆರಳು ದೈವಸಂಕಲ್ಪದ ಸಂಕೇತ' ಅಂತ ಬರೆದ. ಪೂರ್ತಿ ಅಂಕ ಕೊಟ್ಟವನು ನಾನೇ! ಆಮೇಲೆ ಕರೆದು ಕೇಳಿದೆ, ಬೆರಳು ಯಾರದಪ್ಪಾ? ಗೊತ್ತಿಲ್ಲ ಸರ್ ಅಂದ. ಮೊದಲು ಗೆರೆ ನೋಡಿ, ಅರ್ಥ ಆಮೇಲೆ.

ಇದೇ ಚಿತ್ರದ ಒಂದು ಪ್ರತಿ ನಮ್ಮ ಪಡಸಾಲೆಯಲ್ಲಿತ್ತು. ಕಿನ್ನಾಳದಿಂದ ದೊಡ್ಡವ್ವ ಬಂದಿದ್ದಳು. ಚಿತ್ರಗಾರರ ಓಣಿಯಲ್ಲಿ ಗೊಂಬಿಗೆ ಕಣ್ಣು ಬರೆಯೋದನ್ನ ನೋಡುತ್ತ ಬೆಳೆದವಳು, ಬೈಬಲ್ಲು ಕಂಡವಳಲ್ಲ. ಕನ್ನಡಕ ಸೆರಗಿಗೆ ಒರೆಸಿಕೊಂಡು, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತಳು. "ಇಷ್ಟ್ ದೊಡ್ಡಾಕಿ ಅವ್ವನ ತೊಡಿ ಮ್ಯಾಲ ಕುಂತಾಳಲ್ಲೋ! ಬಾಣಂತನಕ್ಕ ತವರಿಗೆ ಬಂದಾಳೇನು?"

ನೋಡಿ, ನಾನು ಹತ್ತು ವರ್ಷ ಪಾಠ ಮಾಡಿದ್ದೆ, ಆ ತೊಡೆ ನನಗೆ ಕಂಡಿರಲಿಲ್ಲ. ಮರಿಯ ಕೂತಿರೋದು ತಾಯಿ ಅನ್ನಮ್ಮನ ಮಡಿಲಲ್ಲಿ. ಇಬ್ಬರ ತಲೆ ಒಂದೇ ಎತ್ತರಕ್ಕೆ. ಯಾರ ಸೆರಗು ಎಲ್ಲಿ ಮುಗಿಯಿತು ಅಂತ ಹೇಳೋದು ಕಷ್ಟ. "ಅಕ್ಕ-ತಂಗೇರ ಇದ್ದಂಗದಾರ" ಅಂದಳು ದೊಡ್ಡವ್ವ. ಮರಿಯ ಮಗುವನ್ನ ನೋಡುತ್ತಾಳೆ, ಅನ್ನಮ್ಮ ಮಗುವನ್ನಲ್ಲ, ಮಗಳನ್ನ. ಕೂಸು ಯೇಸು ಮುಂದೆ ಬಾಗಿ ಯೋಹಾನನಿಗೆ ಆಶೀರ್ವಾದ ಮಾಡುತ್ತಿದೆ. ಮುಂದೆ ಇದೇ ಯೋಹಾನ ಯೇಸುವಿಗೆ ದೀಕ್ಷಾಸ್ನಾನ ಮಾಡಿಸೋನು. ಕಥೆ ನಿಮಗೆ ಗೊತ್ತು. ಅನ್ನಮ್ಮನ ಕಥೆ ಮಾತ್ರ ಬೈಬಲ್ಲಿನ ಹೊರಗಿನದು. ಮರಿಯಳ ತಾಯಿಯ ಹೆಸರು ಅಲ್ಲಿಲ್ಲ, ಎರಡನೇ ಶತಮಾನದ ಬೇರೊಂದು ಬರಹದಿಂದ ಬಂದದ್ದು.

ಈಗ ಬೆರಳು. ಮುಖಗಳಿಗೆ ಸೀಮೆಸುಣ್ಣ ತೀಡಿ ತೀಡಿ ಬೆಳಕು ತಂದ ಲಿಯೊನಾರ್ಡೊ, ಅನ್ನಮ್ಮನ ಕೈಯನ್ನ ಬರೀ ಗೆರೆಯಲ್ಲಿ ಬಿಟ್ಟ. ತೋರುಬೆರಳು ಮುಗಿಲಿಗೆ. ಬೇಕಂತ ಬಿಟ್ಟನೋ, ಬೇಸರಕ್ಕೋ? ಪಂಡಿತರು ಇನ್ನೂ ಜಗಳಾಡುತ್ತಾರೆ. ನಾನು ಹೇಳೋದು ಅದೇ, ಮೊದಲು ಗೆರೆ! ಹಾಳೆಯ ಗೆರೆಯನ್ನ ಗೋಡೆಗೋ ಹಲಗೆಗೋ ಇಳಿಸಿ ಬಣ್ಣದ ಚಿತ್ರ ಮಾಡಬೇಕಾದರೆ ಸೂಜಿಯಿಂದ ತೂತು ಹಾಕಿ ಇದ್ದಿಲ ಪುಡಿ ತಟ್ಟೋದು ರೂಢಿ. ಈ ಹಾಳೆಯಲ್ಲಿ ಆ ತೂತಿಲ್ಲ, ಅಂದರೆ ಹಾಗೆ ಇಳಿಸಿದ ಗುರುತಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಊಟದ ವಾಸನೆಯೂ ಬಂತು. 1962ರಲ್ಲಿ ಜನ ಕಾಸು ಕೂಡಿಸಿ ಇದನ್ನ 8 ಲಕ್ಷ ಪೌಂಡಿಗೆ ಬ್ರಿಟನ್ನಿನಲ್ಲೇ ಉಳಿಸಿಕೊಂಡದ್ದು, 1987ರಲ್ಲಿ ಒಬ್ಬ ಬಂದೂಕು ಹಾರಿಸಿ, ಒಡೆದ ಗಾಜು ಮರಿಯಳ ಎದೆಯ ಹತ್ತಿರ ಕಾಗದ ಹರಿದದ್ದು, ಅದನ್ನ ಚೂರು ಚೂರು ಕೂಡಿಸಿದ್ದು, ಎಲ್ಲ ಹೇಳಬೇಕಂತ ಬರಕೊಂಡು ಬಂದಿದ್ದೆ. ಊಟದ ಪಂಕ್ತಿಯಲ್ಲಿ ಕೇಳಿ, ಹೇಳುತ್ತೇನೆ.

ಹಾಂ, ದೊಡ್ಡವ್ವನಿಗೂ ಆ ಬೆರಳು ಕಂಡಿತ್ತು. ಏನಂತಾಳ ಚಿತ್ರದ ಅನ್ನಮ್ಮ ಅಂತ ನಾನು ಕೇಳಿದೆ. "ಮಗಳು ಕೂಸಿನ ಗುಂಗಿನಾಗ ಅದಾಳ, ಇಕೀ ಮಾತ ಕೇಳವಲ್ಲಳು" ಅಂದಳು.