ಎತ್ತಿದ ಪಿಕಾಸಿ ಇಳಿಸಿ

ಇರಿ, ಕ್ಯಾಮೆರಾ ಸ್ವಲ್ಪ ಹತ್ತಿರ ತರ್ತೀನಿ. ಕಾಣ್ತಿದ್ಯಾ? ಸ್ಲೀಪರ್, ಅಂದ್ರೆ ಹಳಿ ಕೆಳಗಿನ ಅಡ್ಡಪಟ್ಟಿ, ಅದರ ಅಂಚಿಗೆ ನಿಂತು ಪಿಕಾಸೀನ ತಲೆ ಮೇಲಕ್ಕೆ ಎತ್ತಿದ್ದವನು ಇವನೇ, ಎರಡು ಸೆಂಟಿಮೀಟರ್ ಎತ್ತರದ ಈ ಪುಣ್ಯಾತ್ಮ. ನನ್ನ ಲೇಔಟ್, ಅಂದ್ರೆ ನಾನು ಮನೇಲಿ ಕಟ್ಟಿರೋ ಪುಟ್ಟ ಮಾದರಿ ರೈಲುದಾರಿ, ಅದರ ಮೇಲೆ ಮೂರು ವರ್ಷ ಹಾಗೇ ನಿಂತಿದ್ದ. ಪಿಕಾಸಿ ಕೆಳಗೆ ಬರಲೇ ಇಲ್ಲ. ಮುಕ್ಕಾಲು ನಿಮಿಷಕ್ಕೊಂದು ಸಲ ಮೂಗಿನ ಮುಂದೆ ರೈಲು ಹೋಗುತ್ತೆ, ಇವನು ತಿರುಗಿಯೂ ನೋಡಲ್ಲ.

ಒಂದು ಮಾತು ಕೇಳ್ತೀನಿ. ರೈಲಿನ ಕಿಟಕಿ ಪಕ್ಕ ಕೂತು ಗ್ಯಾಂಗ್‌ಮನ್‌ಗಳನ್ನ, ಹಳಿ ರಿಪೇರಿ ಮಾಡೋರನ್ನ, ಎಷ್ಟೋ ಸಲ ನೋಡಿದೀರಿ. ಅವರು ಕೆಲಸ ಮಾಡ್ತಿದ್ದದ್ದನ್ನ ನೋಡಿದೀರಾ? ನಾನಂತೂ ನೋಡಿಲ್ಲ. ನಮ್ಮ ಬೋಗಿ ಅಲ್ಲಿಗೆ ಬರೋ ಹೊತ್ತಿಗೆ ಅವರೆಲ್ಲ ಪಕ್ಕಕ್ಕೆ ಸರಿದು ನಿಂತಿರ್ತಾರೆ. ಒಬ್ಬ ಹಾರೆ ಊರಿಕೊಂಡು, ಒಬ್ಬ ಟವೆಲಲ್ಲಿ ಕತ್ತು ಒರೆಸಿಕೊಂಡು, ಇನ್ನೊಬ್ಬ ಹಸಿರು ಬಾವುಟ ಹಿಡಿದು. ನಾವು ಕೂತಿರೋ ರೈಲೇ ಅವರ ಕೆಲಸ ನಿಲ್ಸಿರೋದು. ಡಬಲ್ ಲೈನ್‌ನಲ್ಲಿ ಪಕ್ಕದ ಹಳೀಲಿ ಬ್ಲಾಕ್ ತಗೊಂಡು, ಅಂದ್ರೆ ಆ ಹಳೀಲಿ ರೈಲು ನಿಲ್ಲಿಸಿ ಕೆಲಸ ಮಾಡ್ತಿದ್ರೆ ಅದು ಬೇರೆ ಮಾತು, ಒಪ್ತೀನಿ. ನಂದು ಸಿಂಗಲ್ ಲೈನ್. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಒಂದು ತುಣುಕು, 8 ಅಡಿ–4 ಅಡಿ ಪ್ಲೈವುಡ್ ಮೇಲೆ. ಅಲ್ಲಿ 57 ಸುರಂಗ ಇವೆ, ನನ್ನ ಹತ್ರ ಇರೋದು ಒಂದೂವರೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಲೇಔಟ್ ಮೇಲೆ ಕೆಲಸಗಾರರನ್ನ ಇಡೋದಾದ್ರೆ, ಕೆಲಸ ನಿಂತಿರೋ ಗಳಿಗೇನ ಮಾಡಿ. ಗೊಂಬೆ ಹೇಗೂ ಅಲುಗಲ್ಲ. ಅಲುಗದೆ ಇರೋದೇ ಸಹಜ ಅನ್ನಿಸೋ ಭಂಗಿ ಕೊಟ್ರೆ ಅದು ಮನುಷ್ಯ ಆಗುತ್ತೆ. ಎತ್ತಿದ ಪಿಕಾಸಿ, ಗಾಳೀಲಿ ನಿಂತ ಸುತ್ತಿಗೆ, ಓಡೋಕೆ ಎತ್ತಿದ ಕಾಲು ಇವೆಲ್ಲ ರೈಲಿನ ಮೊದಲನೇ ಸುತ್ತಲ್ಲಿ ಖುಷಿ, ಮೂರನೇ ಸುತ್ತಲ್ಲಿ ತಮಾಷೆ.

ಪಾಲಿಸೋಕೆ ಕಷ್ಟ ಆಗಿದ್ದು ಮೇಸ್ತ್ರಿ ವಿಷಯದಲ್ಲಿ. ಗ್ಯಾಂಗಿನ ಮೇಸ್ತ್ರಿ ಹಳಿ ಮೇಲೆ ಬಗ್ಗಿ, ಕಣ್ಣನ್ನ ಹಳಿಯ ಮಟ್ಟಕ್ಕೇ ತಂದು, ದೂರದವರೆಗೆ ನೋಡಿ ಎಲ್ಲಿ ತಗ್ಗಿದೆ, ಎಲ್ಲಿ ಸೊಟ್ಟ ಇದೆ ಅಂತ ಕೈಸನ್ನೆಯಲ್ಲೇ ಹೇಳ್ತಾನೆ. ಇದಕ್ಕಿಂತ ಚೆಂದದ ಭಂಗಿ ರೈಲ್ವೇಲಿ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ. ತಂತಿ ಬಗ್ಗಿಸಿ, ಮೇಲೆ ಎಂ-ಸೀಲ್ ಮೆತ್ತಿ ಎರಡು ಭಾನುವಾರ ಕೂತು ಮಾಡಿದೆ. ಆದ್ರೆ ರೈಲು ಬರ್ತಿರೋ ಹಳಿಗೆ ತಲೆ ಕೊಟ್ಟ ಮೇಸ್ತ್ರಿ ಅಂದ್ರೆ? ಕೊನೆಗೆ ಸ್ಟೇಷನ್ನಿನ ಲೂಪ್ ಲೈನಿಗೆ, ಮುಖ್ಯ ಹಳಿಯಿಂದ ಕವಲೊಡೆಯೋ ಪಕ್ಕದ ಹಳಿಗೆ, ವರ್ಗ ಮಾಡಿದೆ. ನನ್ನ ಲೇಔಟಲ್ಲಿ ಅಲ್ಲಿ ಯಾವ ಗಾಡಿಯೂ ಓಡಲ್ಲ.

ಈಗ ಲೆಕ್ಕ. ಹಳಿ ಹೊರೋ ದೃಶ್ಯ ಎಲ್ಲರಿಗೂ ಇಷ್ಟ. ನಾಲ್ಕು ಗೊಂಬೆ, ಕೈಯಲ್ಲಿ ಉದ್ದದ ಹಳಿ. ನಮ್ಮ 60 ಕೆಜಿ ಹಳಿ ಅಂದ್ರೆ ಮೀಟರಿಗೆ 60 ಕೆಜಿ. 13 ಮೀಟರಿನ ಒಂದು ಹಳಿ 780 ಕೆಜಿ. ನಾಲ್ಕು ಜನ ಹೊತ್ರೆ ತಲೆಗೆ ಸುಮಾರು 200 ಕೆಜಿ! ಭೀಮನ ವಂಶದವರೇ ಆಗ್ಬೇಕು. ನನ್ನ ಮಾದರಿ 1:87, ಅಂದ್ರೆ ನಿಜದ ಅಳತೆಯ 87ರಲ್ಲಿ ಒಂದು ಪಾಲು, ಇದಕ್ಕೇ ಎಚ್‌ಒ ಸ್ಕೇಲ್ ಅನ್ನೋದು. ಅದರಲ್ಲಿ ಆ 13 ಮೀಟರ್ ಅಂದ್ರೆ 15 ಸೆಂಟಿಮೀಟರ್, ಅದಕ್ಕೆ 20 ಗೊಂಬೆ ಬೇಕು. ಗೊಂಬೆ ಅಷ್ಟಿಲ್ವಾ? ಹಳಿಯನ್ನೇ ಎರಡು ಸೆಂಟಿಮೀಟರಿಗೆ ಕತ್ತರಿಸಿ. ಕೊಯ್ದು ಉಳಿದ ತುಂಡು ಅಂದ್ಕೊಳ್ಳಿ, ಸುಮಾರು 100 ಕೆಜಿ, ನಾಲ್ವರು ಆರಾಮಾಗಿ ಒಯ್ತಾರೆ.

ಲೆಕ್ಕ ಎಲ್ಲಾ ಕಡೆ ಕೂಡಿ ಬರುತ್ತೆ ಅಂತ ಮಾತ್ರ ಅಂದ್ಕೋಬೇಡಿ. ನಮ್ಮ ಬ್ರಾಡ್‌ಗೇಜ್‌ನಲ್ಲಿ ಹಳಿಗೆ ಅಡ್ಡಿ ಇದ್ರೆ 600 ಮೀಟರ್ ಆಚೆ ಅಡ್ಡಡ್ಡ ಕೆಂಪು ಬಟ್ಟೆ, ಬ್ಯಾನರ್ ಫ್ಲ್ಯಾಗ್. 1200 ಮೀಟರ್ ಆಚೆ ಹಳಿ ಮೇಲೆ ಮೂರು ಡೆಟೊನೇಟರ್, ಚಕ್ರ ಹತ್ತಿದ್ರೆ ಸಿಡಿದು ಡ್ರೈವರನ್ನ ಎಚ್ಚರಿಸೋವು, ನಮ್ಮ ಮಾತಲ್ಲಿ ಪಟಾಕಿ ಅನ್ನಿ. ಆ 1200 ಮೀಟರ್ ಎಚ್‌ಒ ಸ್ಕೇಲಲ್ಲಿ ಹತ್ತಿರ ಹತ್ತಿರ 14 ಮೀಟರ್. ನಾನು ನಿಯಮ ಪಾಲಿಸಬೇಕಾದ್ರೆ ಎದುರುಮನೆಯವರ ಅಡುಗೆಮನೇಲಿ ಪಟಾಕಿ ಇಡಬೇಕು. ಅದನ್ನ ಬಿಟ್ಟು, ಕಾಮಗಾರಿ ದಾಟಿದ ಮೇಲೆ ಬರೋ, ವೇಗದ ಮಿತಿ ಮುಗೀತು ಅಂತ ಹೇಳೋ ಹಳದಿ ಹಲಗೆ ಇದೆಯಲ್ಲ, ಟಿ/ಪಿ, ಟಿ/ಜಿ ಅಂತ ಬರೆದಿರ್ತಾರೆ, ಪ್ಯಾಸೆಂಜರಿಗೊಂದು ಗೂಡ್ಸಿಗೊಂದು, ಅದನ್ನ ಇಟ್ಟೆ. ಗೊತ್ತಿರೋರು ನೋಡಿದ ಕೂಡಲೇ ನಗ್ತಾರೆ, ಸಾಕು.

ಗೊಂಬೆಗಳ ವಿಷಯ. ಒಳ್ಳೇವು ಬರೋದು ಜರ್ಮನಿಯಿಂದ, ಪ್ರೈಸರ್ ಕಂಪನಿದು. ಕಿತ್ತಳೆ ಜಾಕೆಟ್ಟು ನಮ್ಮ ಟ್ರ್ಯಾಕ್ ಮೆಂಟೇನರ್‌ಗಳಿಗೂ ಹೊಂದುತ್ತೆ, ಅದು ಇರಲಿ. ಹೆಲ್ಮೆಟ್ಟನ್ನ ಉಗುರು ಉಜ್ಜೋ ಫೈಲಲ್ಲಿ ತೀಡಿ, ಟಿಶ್ಯೂ ಪೇಪರಿನ ಎಳೆಗೆ ಫೆವಿಕಾಲ್ ಹಚ್ಚಿ ಮೂರು ಸುತ್ತು ಸುತ್ತಿದ್ರೆ ತಲೆಗೆ ಟವೆಲ್ ಆಯ್ತು. ಮಳೆಗಾಲದ ದೃಶ್ಯ ಆದ್ರೆ ನೀಲಿ ಪ್ಲಾಸ್ಟಿಕ್ ಕವರಿನ ಚೂರನ್ನ ಕೊಪ್ಪೆ ಥರ ಮಡಚಿ ತಲೆ ಮೇಲೆ ಇಳಿಬಿಡಿ, ಜರ್ಮನ್ ಮನುಷ್ಯ ಒಂದೇ ನಿಮಿಷದಲ್ಲಿ ನಮ್ಮ ಘಾಟಿಯ ದೋಣಿಗಲ್ಲಿನವನಾಗ್ತಾನೆ. ಹೆಂಗಸರನ್ನ ಮರೀಬೇಡಿ. ಹಳಿ ಕೆಲಸದಲ್ಲೂ ಇದ್ದಾರೆ, ಕಾಂಕ್ರೀಟ್ ಹಾಕೋ ಜಾಗದಲ್ಲಂತೂ ತಲೆ ಮೇಲೆ ಸಿಂಬಿ, ಸಿಂಬಿ ಮೇಲೆ ಬಾಂಡ್ಲಿ ಹೊತ್ತವರು ಅವರೇ. ಗಂಡಸರೇ ತುಂಬಿದ ಸೈಟು ನಮ್ಮ ಊರಿಂದಲ್ಲ ಅಂತ ಗೊತ್ತಾಗೋದು ಅಲ್ಲೇ.

ನನ್ನ ದೃಶ್ಯದ ಮೂಲ 2024ರ ಜುಲೈ. ಇದೇ ಘಾಟಿಯ ಯಡಕುಮೇರಿ–ಕಡಗರವಳ್ಳಿ ಸ್ಟೇಷನ್‌ಗಳ ನಡುವೆ ಹಳಿ ಕೆಳಗಿನ ಮಣ್ಣು ಕುಸಿದು ಬೆಂಗಳೂರು–ಮಂಗಳೂರು ರೈಲುಗಳು ನಿಂತುಹೋಗಿದ್ವಲ್ಲ, ಅದು. ಇಳಿಜಾರಿಗೆ ಮರಳುಮೂಟೆ, ತಂತಿ ಜಾಲರಿ ಪೆಟ್ಟಿಗೇಲಿ ಕಲ್ಲು ತುಂಬಿದ ಗೇಬಿಯನ್ ಗೋಡೆ. ಜಾಲರಿಗೆ ಎಲ್ಲೂ ಹುಡುಕೋದು ಬೇಡ, ಕಿಟಕಿಯ ಅಲ್ಯೂಮಿನಿಯಂ ಸೊಳ್ಳೆಜಾಲರಿ ಸಾಕು. ಅದರ ಕಣ್ಣು ಒಂದು ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದು, 87ರಿಂದ ಗುಣಿಸಿ ನೋಡಿ, ನಿಜವಾದ ಜಾಲರಿಯ ಅಳತೆಗೇ ಬರುತ್ತೆ. ಒಂದು ಮೀಟರಿನ ಪೆಟ್ಟಿಗೆ ಅಂದ್ರೆ ಹನ್ನೊಂದೂವರೆ ಮಿಲಿಮೀಟರ್. ಮೂಟೆಗಳು ಎಂ-ಸೀಲಿನ ಉಂಡೆ. ಹಸಿ ಇರುವಾಗಲೇ ಕರ್ಚೀಫಿನಿಂದ ಒತ್ತಿದ್ರೆ ಗೋಣಿಯ ನೇಯ್ಗೆ ಮೂಡುತ್ತೆ. ಒಂದರ ಮೇಲೊಂದು ಪೇರಿಸುವಾಗ ಸ್ವಲ್ಪ ಅದುಮಿ, ಭಾರ ಕಾಣಬೇಕು. 240 ಮೂಟೆ ಮಾಡಿದೆ. ಮನೆಯವರು ಏನಂದ್ರು ಅನ್ನೋದು ಈ ವಿಡಿಯೋಗೆ ಬೇಡ.

ಕೆಂಪು ಮಣ್ಣನ್ನ ಕಾಲ್ಚೀಲದಲ್ಲಿ ಜರಡಿ ಹಿಡಿದೆ. ಅದರ ಮೇಲೆ ನೀರು ಬೆರೆಸಿದ ಫೆವಿಕಾಲ್, ಜೊತೆಗೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ತೊಟ್ಟು. ಆ ತೊಟ್ಟು ಇಲ್ಲದಿದ್ರೆ ಅಂಟು ಮಣ್ಣಿನ ಮೇಲೆ ಮುತ್ತಿನ ಥರ ಉರುಳಾಡುತ್ತೆ, ಇಳಿಯಲ್ಲ. ಹಿಟಾಚಿ ಇಟ್ಟಿದೀನಿ, ಆದ್ರೆ ಬಕೆಟ್ ನೆಲಕ್ಕೂರಿ ನಿಂತಿದೆ, ಡ್ರೈವರ್ ಕೆಳಗಿಳಿದು ಟೀ ಕುಡೀತಿದ್ದಾನೆ. ಮತ್ತೆ ಅದೇ ಹಟ ನಂದು.

ಕೊನೇದು, ಇದಕ್ಕೆ ಬೈಯೋರು ಬೈಯಬಹುದು. ಗೊಂಬೆಗಳನ್ನ ಕಾಯಂ ಆಗಿ ಅಂಟಿಸಬೇಡಿ. ದೇವಸ್ಥಾನ, ಸ್ಟೇಷನ್, ಅರಳಿಮರ ಇದ್ದಲ್ಲೇ ಇರಲಿ. ಕೆಲಸ ಮುಂದೆ ಹೋಗಬೇಕು. ನಾನು ಕಾಲಡಿಗೆ ಒಂದು ಚುಕ್ಕಿ ಮೇಣ ಇಡ್ತೀನಿ, ತಿಂಗಳಿಗೊಮ್ಮೆ ಗ್ಯಾಂಗನ್ನ ಒಂದು ಹಳಿಯಷ್ಟು, 15 ಸೆಂಟಿಮೀಟರ್ ಮುಂದಕ್ಕೆ ಸರಿಸ್ತೀನಿ. ಅವರು ಬಿಟ್ಟು ಬಂದ ಜಾಗಕ್ಕೆ ತಿಳಿಬೂದಿ ಬಣ್ಣದ ಹೊಸ ಜಲ್ಲಿ. ಮುಂದಿರೋದು ಇನ್ನೂ ಕಂದು, ಎಣ್ಣೆ, ತುಕ್ಕು. ಇಗೋ, ಈ ಗೆರೆ ನೋಡಿ, ಹೊಸದು ಹಳೇದು ಸೇರೋ ಜಾಗ. ಕಳೆದ ತಿಂಗಳು ಇಲ್ಲಿದ್ರು. ಈ ತಿಂಗಳು ಸುರಂಗದ ಬಾಯಿಗೆ ಬಂದಿದಾರೆ, ಪಿಕಾಸಿಯವನೂ ಇದ್ದಾನೆ. ಕೈ ಕತ್ತರಿಸಿ ಕೆಳಮುಖ ಅಂಟಿಸಿದೀನಿ, ಭುಜದ ಹತ್ರ ಸ್ವಲ್ಪ ಬಿರುಕು ಕಾಣುತ್ತೆ, ಬಣ್ಣ ಇನ್ನೂ ಹಚ್ಚಿಲ್ಲ.