899 ರೂಪಾಯಿ ಸಲಾಡ್ ಪುಸ್ತಕ ನಮ್ಮ ರಾಯಚೂರಿನ ಅಡಿಗಿಮನಿಗೆ ಆಗ್ತೈತೇನು?

ನಮಸ್ಕಾರ್ರೀ. ಫ್ಯಾನ್ ಬಂದ್ ಮಾಡೀನಿ, ಇಲ್ಲಂದ್ರ ವಿಡಿಯೋದಾಗ ಅದರ ಸಪ್ಪಳನ ಕೇಳ್ತೈತಿ. ಇವತ್ತು ಅಡಿಗಿ ಕಡಿಮಿ, ಪುಸ್ತಕ ಜಾಸ್ತಿ. ಸಲಾಡ್ ಪುಸ್ತಕ ಇದು, ಹೊರದೇಶದವರು ಬರದದ್ದು, 120 ಸಲಾಡ್ ಅದಾವ, ಬೆಲಿ 899. ತಗೋಬೇಕೋ ಬ್ಯಾಡೋ, ಅಷ್ಟ.

ಫೋಟೋ ಆಮ್ಯಾಲೆ ನೋಡೋಣು. ಮೊದಲು ಕಡೀ ಪುಟ ತೆರೀರಿ. ಅಲ್ಲಿ ಸೂಚಿ ಇರ್ತೈತಲ್ಲ, ತರಕಾರಿ ಹೆಸರು ಹಿಡದು ಹುಡುಕಾಕ ಬರಬೇಕು. ಮನ್ಯಾಗ ಎರಡು ಮೂಲಂಗಿ ಉಳದಾವ ಅಂದ್ರ, ಮೂಲಂಗಿ ಅಂತ ತೆಗದ್ರ ನಾಕು ಪುಟದ ನಂಬರ್ ಸಿಗಬೇಕು. ಬರೇ ಸಲಾಡ್ ಹೆಸರಿನ ಸೂಚಿ ಇದ್ರ ಉಪಯೋಗಿಲ್ಲ. ಇದರಾಗ ಎರಡೂ ಅದಾವ, ಛಲೋ. ಆದ್ರ ಬೈಂಡಿಂಗ್ ನೋಡ್ರಿ, ತೆರದಿಟ್ರ ತಾನ ಮುಚ್ಕೋತೈತಿ. ಕೈಗೆ ಎಣ್ಣಿ ಹತ್ತಿರ್ತೈತಿ, ಅದರಾಗ ಪುಟ ಹಿಡ್ಕೊಂಡು ಯಾರು ನಿಂದ್ರಬೇಕು?

ಈಗ 46ನೇ ಪುಟ. ಸೌತಿಕಾಯಿ, ಮೊಸರಿನ ಸಲಾಡು. ಇಲ್ಲೇ ನನಗ ಸಿಟ್ಟು ಬರೂದು. 'ಸೌತಿಕಾಯಿ 1, ಮೊಸರು 150 ಗ್ರಾಂ, ಉಪ್ಪು 1 ಚಮಚ' ಅಂತ ಬರದಾರ. ಮೊಸರಿಗೆ ಗ್ರಾಂ ಬರದವರಿಗೆ ಸೌತಿಕಾಯಿಗೆ ಬರಿಯಾಕ ಏನಾಗಿತ್ತು? ಅವರ ಕಡೆ ಸಿಗೂ ಉದ್ದನ ಸೌತಿಕಾಯಿ ಒಂದು 300ರಿಂದ 400 ಗ್ರಾಂ ತೂಗ್ತೈತಿ, ಸಿಪ್ಪಿ ತೆಳ್ಳಗ, ಬೀಜ ಇಲ್ಲದಂಗ. ಇದು ಮುಂಜಾನೆ ಉಸ್ಮಾನಿಯಾ ಮಾರ್ಕೆಟ್ಟಿನಿಂದ ತಂದದ್ದು. ತಕ್ಕಡಿ ನೋಡ್ರಿ: 148 ಗ್ರಾಂ. ಅಂದ್ರ ಅವರ ಒಂದಕ್ಕ ನಮ್ಮವು ಎರಡೂವರಿ ಬೇಕು. ಪುಸ್ತಕ ನಂಬಿ ಒಂದ ಹಾಕಿದ್ರಿ ಅಂದ್ರ ಸೌತಿಕಾಯಿ ಲೆಕ್ಕಕ್ಕ ಉಪ್ಪು ಎರಡು ಪಟ್ಟಿಗಿಂತ ಜಾಸ್ತಿ ಆಗ್ತೈತಿ, ಸಲಾಡ್ ಹೋಗಿ ಉಪ್ಪಿನ ಮೊಸರು ಆಗ್ತೈತಿ. ಮಾಡಿದವರು ತಮ್ಮ ಕೈ ಸುಮಾರು ಅಂದ್ಕೋತಾರ. ತಪ್ಪು ಅವರದಲ್ಲ.

ನೀರಿನ ಮಾತಂತೂ ಪುಸ್ತಕದಾಗ ಇಲ್ಲೇ ಇಲ್ಲ. ಸೌತಿಕಾಯಾಗ ನೂರಕ್ಕ 95 ಪಾಲು ನೀರ. ಉಪ್ಪು ಬಿದ್ದ ಕೂಡಲೆ ಅದು ಹೊರಗ ಬರ್ತೈತಿ. ಅರ್ಧ ಕೇಜಿ ಹೋಳಿಗೆ 5 ಗ್ರಾಂ ಉಪ್ಪು ಹಚ್ಚಿ ಜರಡ್ಯಾಗ 20 ನಿಮಿಷ ಇಟ್ಟಿದ್ದೆ, ಕೆಳಗಿನ ಲೋಟದಾಗ ಎಷ್ಟು ಇಳದೈತಿ ನೋಡ್ರಿ... 60 ಎಂಎಲ್. ಇದೆಲ್ಲಾ ಮೊಸರಿನ್ಯಾಗ ಸೇರಬೇಕಾಗಿತ್ತು. ಅದಕ್ಕ ಸೌತಿಕಾಯಿ ಉದ್ದಕ ಸೀಳಿ ಚಮಚದಲೆ ಬೀಜ ಕೆರೀರಿ, ಹೆಚ್ಚಿ ಉಪ್ಪು ಹಚ್ಚಿ ಇಡ್ರಿ, ಆಮ್ಯಾಲೆ ಅರಿವ್ಯಾಗ ಹಿಂಡಿ ಮೊಸರಿಗೆ ಹಾಕ್ರಿ. ಮ್ಯಾಲೆ ಮತ್ತ ಉಪ್ಪು ಹಾಕೂ ಮೊದಲು ರುಚಿ ನೋಡ್ರಿ. ಲೋಟದಾಗಿನ ನೀರು ಚಲ್ಲಬ್ಯಾಡ್ರಿ, ಮಜ್ಜಿಗಿಗೆ ಆಗ್ತೈತಿ.

ಹೆಚ್ಚೂ ಮೊದಲು ತೊಟ್ಟಿನ ಕಡೆ ಒಂದು ಚೂರು ಕಡದು ನೋಡೂದು ಮರೀಬ್ಯಾಡ್ರಿ. ಬಿಸಿಲು ಹೆಚ್ಚಾಗಿ ನೀರು ಕಡಿಮಿ ಬಿದ್ದ ಬಳ್ಳಿ ಕಾಯಿ ಕಹಿ ಇರ್ತೈತಿ. ಕಹಿ ಜಾಸ್ತಿ ಇರೂದು ತೊಟ್ಟಿನ ಕಡೆ, ಸಿಪ್ಪಿ ಬುಡಕ. ತುದಿ ಕೊಯ್ದು ತಿಕ್ಕಿದ್ರ ಹೋಗ್ತೈತಿ ಅಂತ ನೆಚ್ಚಿ ಕೂಡಬ್ಯಾಡ್ರಿ, ಒಂದು ಇಂಚು ಕೊಯ್ದು ಚಲ್ಲಿ, ಸಿಪ್ಪಿ ದಪ್ಪಗ ತಗೀರಿ. ಪೂರ್ತಿ ಕಹಿ ಇದ್ರ ಅದನ್ನ ಬಿಟ್ಟ ಬಿಡ್ರಿ.

ಚಮಚದ್ದೂ ಹಂಗ. ದೊಡ್ಡ ಚಮಚ ಅಂದ್ರ ಸಾಮಾನ್ಯ 15 ಎಂಎಲ್, ಆಸ್ಟ್ರೇಲಿಯಾದ ಪುಸ್ತಕದಾಗ 20. ಕಪ್ ಅಂದ್ರ ಕೆಲವರಿಗೆ 240 ಎಂಎಲ್, ಕೆಲವರಿಗೆ 250. ಮೊದಲಿನ ನಾಕು ಪುಟದಾಗ ಈ ಅಳತಿ ಬರದಿರಬೇಕು. ಇದರಾಗ ಇಲ್ಲ. ಇಲ್ಲೀತನಕ ಕೇಳಿದ್ರ ನಾ ಬ್ಯಾಡ ಅಂತಿದ್ದೆ.

ಆದ್ರ ಡ್ರೆಸ್ಸಿಂಗ್, ಅಂದ್ರ ಸಲಾಡಿಗೆ ಕಲಸೂ ಎಣ್ಣಿ-ಹುಳಿ, ಅದರ ಭಾಗ ಓದಿದ ಮ್ಯಾಲೆ ಮಾತು ಬದಲಿ ಮಾಡಬೇಕಾಗೇತಿ. 14 ಪುಟ, ಒಂದೂ ದಂಡ ಇಲ್ಲ. ಎಣ್ಣಿ ಮೂರು ಪಾಲು, ಹುಳಿ ಒಂದು ಪಾಲು ಅಂತ ಶುರು ಮಾಡಿ, ಯಾಕ ಅಂತನೂ ಹೇಳ್ಯಾರ. ನಮ್ಮ ನಾಲಿಗಿಗೆ ಎರಡಕ್ಕ ಒಂದು ಸರಿ: 30 ಎಂಎಲ್ ಎಣ್ಣಿಗೆ 15 ಎಂಎಲ್ ನಿಂಬಿರಸ. ಉಪ್ಪು ಮೊದಲು ನಿಂಬಿರಸದಾಗ ಕರಗಬೇಕು, ಎಣ್ಣ್ಯಾಗ ಅದು ಕರಗಂಗಿಲ್ಲ. ಎಣ್ಣಿ, ಹುಳಿ ಬ್ಯಾರೆ ಬ್ಯಾರೆ ಆಗಬಾರದು ಅಂತ ಅವರು ಸಾಸಿವಿ ಪೇಸ್ಟ್ ಹಾಕ್ತಾರ. ಇಲ್ಲಿ ನೋಡ್ರಿ, ನಾ ಎರಡು ಚಮಚ ಶೇಂಗಾ ಹಿಂಡಿ, ಅಂದ್ರ ಶೇಂಗಾ ಚಟ್ನಿಪುಡಿ, ಹಾಕಿ ಬಾಟಲಿ ಅಲ್ಲಾಡಿಸೀನಿ, ಮಂದಗ ಬಂದೈತಿ, ಎಲಿಗೆ ಹತ್ಕೋತೈತಿ. ಆಲಿವ್ ಎಣ್ಣಿ ತರಬ್ಯಾಡ್ರಿ. ಕುಸುಬಿ ಎಣ್ಣಿ ಇದಕ್ಕ ಭಾಳ ಛಲೋ, ಹಸೀದ ಹಾಕಿದ್ರೂ ವಾಸನಿ ಹೊಡಿಯಂಗಿಲ್ಲ.

ಇನ್ನ ಎಲಿ. ಎಣಿಸೀನಿ, 120ರಾಗ 43ಕ್ಕ ಲೆಟ್ಯೂಸೋ ಅಂಥಾದ್ದ ಎಲಿಯೋ ಬೇಕು. ನಮ್ಮೂರಿನ ತೀನ್ ಕಂದೀಲ್ ಬಜಾರ ತುಂಬ ತಿರುಗಿ ಹುಡುಕೂದು ಯಾಕ? ಹಸಿ ತಪ್ಪಲ ತಿನ್ನೂದು ನಮಗೇನು ಹೊಸದೇನು? ಜ್ವಾಳದ ಹೊಲದಾಗಿನ ಹಕ್ಕರಕಿ ಐತಿ, ಎಳೀ ಮೆಂತೆ ಐತಿ, ಮೂಲಂಗಿ ತಪ್ಪಲ ಐತಿ. ರೊಟ್ಟಿ ಜೋಡಿ ಹಕ್ಕರಕಿ, ಮ್ಯಾಲೆ ಗುರೆಳ್ಳು ಹಿಂಡಿ, ಒಂದು ಗಡ್ಡಿ ಉಳ್ಳಾಗಡ್ಡಿ ಗುದ್ದಿ ಇಟ್ಕೊಂಡ್ರ... ಇರ್ಲಿ, ಅದರದು ಬ್ಯಾರೆ ವಿಡಿಯೋನ ಮಾಡಬೇಕು. ಚೂರು ಕಹಿ ಇರೂ ಎಲಿ ಕೇಳಿದಲ್ಲೆಲ್ಲಾ ಹಕ್ಕರಕಿ, ಮೆಂತೆ ಒಪ್ಪತಾವ. ತೊಳದ ಮ್ಯಾಲೆ ಅರಿವಿ ಮ್ಯಾಲೆ ಹರವಿ ಪೂರ್ತಿ ಆರಿಸ್ರಿ, ಒದ್ದಿ ಎಲಿ ಮ್ಯಾಲೆ ಎಣ್ಣಿ ನಿಂದ್ರಂಗಿಲ್ಲ, ಜಾರಿ ತಳಕ್ಕ ಹೋಗ್ತೈತಿ. ಬಾಡಿದ್ರ ಫ್ರಿಜ್ಜಿನ ನೀರಾಗ 15 ನಿಮಿಷ ಬಿಡ್ರಿ, ನೀರು ಕುಡದು ಗರಿಗರಿ ಆಗ್ತಾವ.

ಪುಸ್ತಕದಾಗ 'ಎರಡು ತಾಸು ಹೊರಗ ಇಡಬಹುದು' ಅಂದಾರ. ಅದು ಅವರ ಹವಾಕ್ಕ ಸರಿ. ನಮ್ಮಲ್ಲಿ ಏಪ್ರಿಲ್, ಮೇದಾಗ 40 ಡಿಗ್ರಿ ದಾಟ್ತೈತಿ, ಕಲಸಿದ್ದು ಒಂದು ತಾಸಿನ ಒಳಗ ಮುಗೀಬೇಕು. ಮೊಸರು, ಮೊಳಕಿಕಾಳು ಇದ್ದದ್ದನ್ನಂತೂ ಅದಕ್ಕಿಂತ ಹೆಚ್ಚು ಹೊರಗ ಬಿಡಾಕ ಹೋಗಬ್ಯಾಡ್ರಿ.

ಬ್ಯಾಟರಿ ಕೆಂಪಗಾತು, ಲಗೂನ ಹೇಳ್ತೀನಿ. 899ಕ್ಕ ಬ್ಯಾಡ. 400ರ ಒಳಗ ಹಳೇದು ಸಿಕ್ಕರ ಆ 14 ಪುಟದ ಸಲುವಾಗಿ ತಗೋರಿ, ತಗೊಂಡು ಪ್ರತಿ ಸೌತಿಕಾಯಿ ಮುಂದ ಪೆನ್ಸಿಲ್‌ಲೆ ಗ್ರಾಂ ಬರೀರಿ. ಅಂಗಡ್ಯಾಗ ನಿಂತಾಗ ಯಾವ ಪುಸ್ತಕ ಇದ್ರೂ 'ಸೌತಿಕಾಯಿ' ಅನ್ನೂ ಪುಟ ತೆಗೀರಿ, ತೂಕ ಬರದಾರೇನು, ನೀರಿನ ಮಾತು ಎತ್ತ್ಯಾರೇನು ನೋಡ್ರಿ. ಎರಡೂ ಇದ್ರ ಪೂರ್ತಿ ರೊಕ್ಕ ಕೊಟ್ಟು ತಗೋರಿ.

ಅಲ್ಲಿ ಬೋಗುಣ್ಯಾಗ ಉಳ್ಳಾಗಡ್ಡಿ ತಣ್ಣೀರಾಗ ಬಿಟ್ಟಿದ್ದೆ, ಖಾರ ಇಳೀಲಿ ಅಂತ. 10 ನಿಮಿಷ ಆತು, ಸೋಸಬೇಕು, ಬರ್ತೀನ್ರೀ.